ತವರಿನ ಪಡಸಾಲೆಯಲ್ಲಿ ಮಲಗುವವರು ವಸತಿರಹಿತರಲ್ಲವೇ?

ಪ್ರಶ್ನೆ: ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಸ್ತ್ರೀಶಕ್ತಿ ಸಂಘವಿದೆ. ಸದಸ್ಯೆಯೊಬ್ಬರು ಗಂಡನ ಮನೆ ಬಿಟ್ಟು ಬಂದು ನಾಲ್ಕು ವರ್ಷವಾಯಿತು. ಎಂಟನೆಯ ಮತ್ತು ನಾಲ್ಕನೆಯ ತರಗತಿಯಲ್ಲಿ ಓದುವ ಇಬ್ಬರು ಮಕ್ಕಳಿದ್ದಾರೆ. ಕೆಲವು ತಿಂಗಳು ಅಣ್ಣನ ಮನೆ, ಕೆಲವು ದಿನ ಚಿಕ್ಕಮ್ಮನ ಮನೆ, ಅಡಿಕೆ ಕೊಯ್ಲು ಬಂದರೆ ಚನ್ನಗಿರಿ ಕಡೆಯ ತೋಟದ ಶೆಡ್. ಪಂಚಾಯಿತಿಯಲ್ಲಿ ವಿಚಾರಿಸಿದರೆ ‘ಅಣ್ಣನ ಆರ್‌ಸಿಸಿ ಮನೆ ಇದೆಯಲ್ಲ’ ಎನ್ನುತ್ತಾರೆ. ಇವರು ವಸತಿರಹಿತರಲ್ಲವೇ? ಸಂಘದವರಾದ ನಾವು ಏನು ಮಾಡಬಹುದು? ದೊಡ್ಡ ಮಗಳನ್ನು ಹತ್ತನೆಯ ತರಗತಿ ಮುಗಿಯುವವರೆಗೆ ನನ್ನ ಮನೆಯಲ್ಲಿ ಇಟ್ಟುಕೊಳ್ಳಲೇ? ವಿಷಯವನ್ನು ಯಾರಿಗೂ ಹೇಳಬೇಡಿ ಎಂದು ಅವರು ಬೇಡಿಕೊಂಡಿದ್ದಾರೆ.

ಉತ್ತರ: ಹೌದು, ಅವರು ವಸತಿರಹಿತರು. ‘ನಾಳೆಯಿಂದ ಬೇರೆ ಕಡೆ ನೋಡಿಕೊ’ ಎಂದು ಯಾರೂ ಹೇಳಲಾಗದ ಜಾಗವನ್ನು ನಾನು ಮನೆ ಎನ್ನುತ್ತೇನೆ. ಅಂಥ ಜಾಗ ನಿಮ್ಮ ಸದಸ್ಯೆಗೆ ನಾಲ್ಕು ವರ್ಷಗಳಿಂದ ಇಲ್ಲ. ತಲೆಯ ಮೇಲೆ ಕಾಂಕ್ರೀಟ್ ಛಾವಣಿ ಇದೆಯೆಂಬ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

ಪಂಚಾಯಿತಿಯವರು ಮನಸ್ಸಿನಲ್ಲಿ ಕೆಡುಕಿಟ್ಟುಕೊಂಡು ಹಾಗೆ ಹೇಳಿರಲಾರರು. ಎಣಿಸುವ ಕ್ರಮವೇ ಹಾಗಿದೆ. ಜನಗಣತಿಯ ಲೆಕ್ಕದಲ್ಲಿ ವಸತಿರಹಿತರೆಂದರೆ ರಸ್ತೆ ಬದಿ, ಸೇತುವೆಯ ಅಡಿ, ದೊಡ್ಡ ಸಿಮೆಂಟ್ ಕೊಳವೆ, ಗುಡಿಯ ಮಂಟಪ, ರೈಲು ನಿಲ್ದಾಣ ಇಂಥ ಕಡೆ ಮಲಗುವವರು. 2011ರ ಗಣತಿಯಲ್ಲಿ ಫೆಬ್ರುವರಿ 28ರ ರಾತ್ರಿ ಅವರನ್ನು ಎಣಿಸಿದರು. ದೇಶದಾದ್ಯಂತ ಸುಮಾರು 17.7 ಲಕ್ಷ ಜನ ಲೆಕ್ಕಕ್ಕೆ ಸಿಕ್ಕರು, ಅವರಲ್ಲಿ 8 ಲಕ್ಷಕ್ಕೂ ಹೆಚ್ಚು ಮಂದಿ ಹಳ್ಳಿಗಾಡಿನವರು. ನೆಂಟರ ಪಡಸಾಲೆಯಲ್ಲಿ, ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ, ಈರುಳ್ಳಿ ಶೆಡ್ಡಿನಲ್ಲಿ ಆ ರಾತ್ರಿ ಮಲಗಿದ್ದವರು ಈ ಲೆಕ್ಕದಲ್ಲಿ ಇಲ್ಲ.

ಇನ್ನೊಂದು ತೊಡಕು ‘ಕುಟುಂಬ’ ಎಂಬ ಮಾತಿನಲ್ಲಿದೆ. ಸರ್ಕಾರದ ಗಣತಿಗಳಲ್ಲಿ ಸಾಮಾನ್ಯವಾಗಿ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರೆಲ್ಲ ಒಂದೇ ಕುಟುಂಬ. ನಿಮ್ಮ ಸದಸ್ಯೆ ಅಣ್ಣನ ಮನೆಯ ಒಲೆಯಲ್ಲಿ ರೊಟ್ಟಿ ತಟ್ಟಿಕೊಡುವವರೆಗೆ, ಕಾಗದದ ಮೇಲೆ ಅವರು ಆರ್‌ಸಿಸಿ ಮನೆಯಿರುವ ಕುಟುಂಬದ ಒಬ್ಬ ಸದಸ್ಯೆ. ಪಕ್ಕಾ ಮನೆಯಿರುವ ಕುಟುಂಬ ವಸತಿ ಯೋಜನೆಗಳಿಗೆ ಅರ್ಹವಲ್ಲ. ಕಥೆ ಅಲ್ಲಿಗೇ ನಿಲ್ಲುತ್ತದೆ. ಈ ಒಂದು ಎಳೆಯನ್ನು ನೆನಪಿಡಿ, ಮುಂದೆ ಬಿಡಿಸಬೇಕಾದ ಗಂಟು ಇದೇ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಹಳ್ಳಿಗಳಲ್ಲಿ ವಸತಿ ಮತ್ತು ಕಾನೂನು ನೆರವಿನ ಕೆಲಸ ಮಾಡಿದ್ದೇನೆ. ಹೀಗೆ ಬದುಕುವವರನ್ನು ಗುರುತಿಸಲು ‘ಎಲ್ಲಿ ಮಲಗುತ್ತೀರಿ’ ಎಂದು ಕೇಳಿದರೆ ಪ್ರಯೋಜನವಿಲ್ಲ, ಎಲ್ಲರೂ ‘ಅಣ್ಣನ ಮನೆಯಲ್ಲಿ’ ಎಂದೇ ಹೇಳುತ್ತಾರೆ. ನಾನು ಟ್ರಂಕು ಎಲ್ಲಿದೆ ಎಂದು ಕೇಳುತ್ತೇನೆ. ಟ್ರಂಕು ಒಬ್ಬರ ಮನೆಯಲ್ಲಿ, ಹಾಸಿಗೆ ಸುತ್ತಿಟ್ಟಿದ್ದು ಇನ್ನೊಬ್ಬರ ಅಟ್ಟದಲ್ಲಿ, ಮಕ್ಕಳ ಅಂಕಪಟ್ಟಿ, ಆಧಾರ್ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸದಾ ಜೊತೆಯಲ್ಲಿ. ಮನೆಯವರೆಲ್ಲ ಮಲಗಿದ ಮೇಲೆ ಮಲಗಿ, ಯಾರೂ ಏಳುವ ಮುನ್ನ ಎದ್ದು ಹಾಸಿಗೆ ಮಡಚುವುದು. ಬೀಗರು ಬರುವ ಸುದ್ದಿ ಸಿಕ್ಕ ಕೂಡಲೇ ತಾವಾಗಿಯೇ ಬೇರೆ ಮನೆಗೆ ಹೊರಡುವುದು. ಮಗುವಿಗೆ ಜ್ವರ ಬಂದರೂ ರಾತ್ರಿ ದೀಪ ಹಾಕಲು ಅಂಜುವುದು. ಹಂಗಿನಲ್ಲಿ ಬದುಕುವುದೆಂದರೆ ಇದು. ಇಟ್ಟುಕೊಂಡವರು ಒಳ್ಳೆಯವರಾಗಿದ್ದಷ್ಟೂ ಹಂಗು ಭಾರ. ಎದುರು ಮಾತನಾಡಲು ಒಂದು ಕಾರಣವೂ ಸಿಗುವುದಿಲ್ಲ.

ಇಂಥವರು ಹೆಣ್ಣುಮಕ್ಕಳಷ್ಟೇ ಅಲ್ಲ. ಹದಿನೈದು ದಿನ ದೊಡ್ಡ ಮಗ, ಹದಿನೈದು ದಿನ ಚಿಕ್ಕ ಮಗ ಎಂದು ಪಾಳಿಯ ಮೇಲೆ ಊಟ ಮಾಡುವ ಮುದುಕರಿದ್ದಾರೆ. ತೋಟದ ಕಾವಲಿಗೆಂದು ಪಂಪ್‌ಸೆಟ್ ಕೋಣೆಯಲ್ಲಿ ಸಂಸಾರ ಹೂಡಿದವರಿದ್ದಾರೆ, ಕೆಲಸ ಹೋದ ದಿನವೇ ಅವರ ಮನೆಯೂ ಹೋಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 89 ವರ್ಷಗಳ ನಂತರ ಕೋಡಿ ಬಿದ್ದಾಗ ನಾವೆಲ್ಲ ಬಾಗಿನ ಬಿಡುವ ಸಂಭ್ರಮ ನೋಡಿದೆವು. ಅದೇ ಮಳೆಗೆ ಚಳ್ಳಕೆರೆ, ಹಿರಿಯೂರು ಸೀಮೆಯಲ್ಲಿ ಮಣ್ಣಿನ ಮಾಳಿಗೆ ಮನೆಗಳು ನೆನೆದು ಕುಸಿದವು. ಬಿದ್ದ ಮನೆಯ ಪರಿಹಾರ ಸಾಮಾನ್ಯವಾಗಿ ಹೋಗುವುದು ಖಾತೆಯಲ್ಲಿ ಹೆಸರಿರುವವರಿಗೆ. ಅದೇ ಮನೆಯ ಒಂದು ಕೋಣೆಯಲ್ಲಿದ್ದ ವಿಧವೆ ತಂಗಿಗೆ, ಬಾಡಿಗೆಗಿದ್ದವರಿಗೆ ನೆಂಟರ ಮನೆಯೇ ಗತಿಯಾಯಿತು. ತಾಂಡಾ, ಗೊಲ್ಲರಹಟ್ಟಿಗಳ ಕಥೆ ಮತ್ತೊಂದು ಬಗೆ. ಮೂರು ತಲೆಮಾರು ಬಾಳಿದರೂ ಎಷ್ಟೋ ಮನೆಗಳಿಗೆ ಹಕ್ಕುಪತ್ರವಿರಲಿಲ್ಲ. ಭೂಸುಧಾರಣಾ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯ 38ಎ ಕಲಂ ಇಂಥ ದಾಖಲೆಯಿಲ್ಲದ ವಸತಿಗಳ ನಿವಾಸಿಗಳಿಗೆ ಹಕ್ಕು ಕೊಡುವ ದಾರಿ ತೆರೆಯಿತು. ನಿಮ್ಮ ಸುತ್ತ ಅಂಥ ಹಟ್ಟಿ ಇದ್ದರೆ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ.

ಈಗ ನಿಮ್ಮ ಸದಸ್ಯೆಯ ವಿಷಯ. ‘ಯಾರಿಗೂ ಹೇಳಬೇಡಿ’ ಎಂಬ ಅವರ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ತೆಗೆದುಕೊಂಡಿದ್ದೆ. ಬಹಳ ವರ್ಷಗಳ ಹಿಂದೆ ಜಗಳೂರು ಕಡೆಯ ಒಂದು ಗ್ರಾಮ ಸಭೆಯಲ್ಲಿ ನಾನು ಎದ್ದು ನಿಂತು, ಇದೇ ಸ್ಥಿತಿಯಲ್ಲಿದ್ದ ಒಬ್ಬ ಹೆಣ್ಣುಮಗಳ ಹೆಸರು ಹೇಳಿ, ‘ಇವರಿಗೆ ಇರಲು ಜಾಗವಿಲ್ಲ’ ಎಂದೆ. ಅವರ ಅತ್ತಿಗೆ ಅಲ್ಲೇ ಕುಳಿತಿದ್ದರು. ‘ನಾವೇನು ಬೀದಿಗೆ ಹಾಕಿದ್ದೇವೆಯೇ’ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ನ್ಯಾಯವಿತ್ತು, ಮೂರು ವರ್ಷ ಅನ್ನ ಹಾಕಿದ್ದವರು ಅವರೇ. ವಾರ ಕಳೆಯುವುದರೊಳಗೆ ಆ ಹೆಣ್ಣುಮಗಳು ಮಕ್ಕಳೊಂದಿಗೆ ಊರು ಬಿಟ್ಟರು. ಎಲ್ಲಿಗೆ ಹೋದರೆಂದು ಕೊನೆಗೂ ತಿಳಿಯಲಿಲ್ಲ.

ಆ ದಿನ ನನಗೆ ಗೊತ್ತಾಗಿದ್ದು ಇಷ್ಟು. ಹಳ್ಳಿಯಲ್ಲಿ ಈ ಕಷ್ಟ ಯಾರ ಕಣ್ಣಿಗೂ ಮರೆಯಾಗಿರುವುದಿಲ್ಲ. ಯಾರು ಯಾರ ಮನೆಯಲ್ಲಿ ಎಷ್ಟು ದಿನ ಇದ್ದಾರೆ ಎಂಬುದು ಊರಿಗೆಲ್ಲ ಗೊತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಇಟ್ಟುಕೊಂಡ ಮನೆಯ ಮರ್ಯಾದೆ ಹೋಗುತ್ತದೆ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಹಾಗಾಗಿ ಊರು ಇವರಿಗೆ ಕೊಡಬಹುದಾದ ಬಹು ದೊಡ್ಡ ನೆರವು ಅಕ್ಕಿಯಲ್ಲ, ಸೀರೆಯಲ್ಲ, ಸಾಕ್ಷಿ. ಅದೂ ಅಣ್ಣನ ಮನೆಗೆ ಕಳಂಕ ತಾರದ ಸಾಕ್ಷಿ. ‘ಇವರನ್ನು ಹೊರಗೆ ಹಾಕಿದ್ದಾರೆ’ ಎನ್ನಬೇಕಾಗಿಲ್ಲ. ‘ಇವರದು ಬೇರೆ ಒಲೆ’ ಎಂದರೆ ಸಾಕು. ಅಣ್ಣತಮ್ಮಂದಿರು ಬೇರೆಯಾಗುವುದು ನಮ್ಮ ಊರುಗಳಲ್ಲಿ ಅವಮಾನವಲ್ಲ. ತಂಗಿ ಬೇರೆಯಾಗುವುದೂ ಅವಮಾನವಾಗಬೇಕಿಲ್ಲ.

ಆದ್ದರಿಂದ ಮೊದಲು ನೀವೊಬ್ಬರೇ, ಸಂಘದವರನ್ನೆಲ್ಲ ಕರೆದುಕೊಂಡು ಹೋಗದೆ, ಅವರೊಂದಿಗೆ ಕುಳಿತು ಮಾತನಾಡಿ. ಕೊಯ್ಲಿನ ಕೆಲಸದಲ್ಲೋ ಸಂತೆಗೆ ಹೋಗುವ ದಾರಿಯಲ್ಲೋ ಆದರೆ ಒಳ್ಳೆಯದು. ಅವರಿಗೆ ಬೇಕಾದದ್ದೇನು ಎಂದು ಕೇಳಿ. ಗಂಡನ ಊರಿಗೆ ಮರಳುವ ಆಸೆ ಇದೆಯೇ, ಇದೇ ಊರಿನಲ್ಲಿ ನಿಲ್ಲಬೇಕೇ, ದಾವಣಗೆರೆಗೆ ಹೋಗಿ ದುಡಿಯುವ ಯೋಚನೆಯೇ? ಯಾರಿಗೆ ಏನು ಹೇಳಬಹುದು ಎಂಬುದನ್ನೂ ಅವರೇ ತೀರ್ಮಾನಿಸಲಿ. ಅವರು ಒಪ್ಪಿದ ಮೇಲೆ ಅಣ್ಣ ಅತ್ತಿಗೆಯನ್ನು ಕಾಣಿ. ಅಲ್ಲಿ ಮೊದಲ ಮಾತು ಕೃತಜ್ಞತೆಯದಾಗಿರಲಿ. ನಾಲ್ಕು ವರ್ಷ ಮೂವರನ್ನು ಸಾಕಿದ ಮನೆ ಅದು, ಇನ್ನು ಸ್ವಲ್ಪ ಭಾರವನ್ನು ಸಂಘ ಹೊರುತ್ತದೆ ಎಂದು ಹೇಳಿ. ಹಾಗೆ ಹೇಳಿದಾಗ ಅತ್ತಿಗೆಯಂದಿರು ಕಣ್ಣೊರೆಸಿಕೊಂಡದ್ದನ್ನು ನಾನು ಒಂದಲ್ಲ ಹಲವು ಮನೆಗಳಲ್ಲಿ ನೋಡಿದ್ದೇನೆ. ಅವರ ಕಷ್ಟವನ್ನೂ ಯಾರೂ ಕೇಳಿರುವುದಿಲ್ಲ.

ಇನ್ನು ಕಾಗದ. ಗಂಡನ ಮನೆಯ ಪಡಿತರ ಚೀಟಿಯಲ್ಲಿ ಹೆಸರಿದ್ದರೆ ತೆಗೆಸಬೇಕು, ಅಣ್ಣನ ಚೀಟಿಯಲ್ಲಿ ಸೇರಿಸಿದ್ದರೆ ಅಲ್ಲಿಂದಲೂ ತೆಗೆಸಿ, ತಾಯಿ ಮತ್ತು ಇಬ್ಬರು ಮಕ್ಕಳ ಬೇರೆ ಚೀಟಿಗೆ ಅರ್ಜಿ ಹಾಕಬೇಕು. ಹೊಸ ಚೀಟಿಯ ಅರ್ಜಿ ಸದಾ ತೆರೆದಿರುವುದಿಲ್ಲ. ಗ್ರಾಮ ಒನ್ ಕೇಂದ್ರದವರಿಗೆ ಹೇಳಿಟ್ಟು, ತೆರೆದ ದಿನವೇ ಹಾಕಿಸಿ. ಚೀಟಿ ಬೇರೆಯಾದರೆ ಕುಟುಂಬದ ಯಜಮಾನಿ ಅವರೇ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಈಗ ಅತ್ತಿಗೆಯ ಹೆಸರಿಗೆ ಬರುತ್ತಿರಬಹುದು, ಬೇರೆ ಚೀಟಿಯಾದ ಮೇಲೆ ಇವರೂ ಅರ್ಜಿ ಹಾಕಬಹುದು. ಪರಿಶೀಲನೆಗೆ ಬಂದವರು ಅಕ್ಕಪಕ್ಕದವರನ್ನು ಕೇಳುತ್ತಾರೆ, ಗ್ರಾಮ ಆಡಳಿತ ಅಧಿಕಾರಿ ಮಹಜರು ಬರೆದರೆ ನೆರೆಯವರ ಸಹಿ ಬೇಕಾಗುತ್ತದೆ. ಸಾಕ್ಷಿ ಎಂದೆನಲ್ಲ, ಆ ಸಹಿಯೇ ಅದು. ಸಹಿ ಹಾಕುವ ನಾಲ್ಕು ಜನ ಯಾರು ಎಂದು ಸಂಘ ಈಗಲೇ ಗೊತ್ತುಮಾಡಿಕೊಳ್ಳಲಿ. ಅವರಲ್ಲಿ ಅಣ್ಣನೂ ಒಬ್ಬರಾದರೆ ಅದಕ್ಕಿಂತ ಬಲವಾದ ಸಾಕ್ಷಿ ಬೇರೆ ಇಲ್ಲ.

ವಸತಿ ಯೋಜನೆಗಳ ಫಲಾನುಭವಿಗಳ ಆಯ್ಕೆ ನಡೆಯಬೇಕಾದದ್ದು ಗ್ರಾಮ ಸಭೆಯಲ್ಲಿ. ಅದಕ್ಕೆ ಮುನ್ನ ವಾರ್ಡ್ ಸಭೆ. ಎರಡೂ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕೆಂದು ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ವಾರ್ಡ್ ಸಭೆಗೆ ಹೋಗುವವರು ಕಡಿಮೆ, ಅಲ್ಲಿ ಹತ್ತು ಮಹಿಳೆಯರು ಒಟ್ಟಾಗಿ ಕುಳಿತರೆ ಆ ಮಾತಿಗೆ ತೂಕ ಬರುತ್ತದೆ. ಪಂಚಾಯಿತಿಯಲ್ಲಿ ಎರಡು ಪಟ್ಟಿಗಳಿರುತ್ತವೆ, ಅಲ್ಲಿನ ಮಾತಿನಲ್ಲಿ ಜಾಗವಿದ್ದು ಮನೆಯಿಲ್ಲದವರು ವಸತಿರಹಿತರು, ಜಾಗವೂ ಇಲ್ಲದವರು ನಿವೇಶನರಹಿತರು. ನಿಮ್ಮ ಸದಸ್ಯೆ ಎರಡನೆಯ ಪಟ್ಟಿಯವರು. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಹೆಸರು ನಡಾವಳಿ ಪುಸ್ತಕಕ್ಕೆ ಏರಿದೆಯೇ ಎಂದು ನೋಡಿಯೇ ಎದ್ದು ಬನ್ನಿ. ನಿವೇಶನರಹಿತರ ಸರದಿ ಮಾತ್ರ ಬಹಳ ನಿಧಾನ. ಪಂಚಾಯಿತಿಗೆ ಹಂಚಲು ಜಾಗವೇ ಇರುವುದಿಲ್ಲ.

ಇಲ್ಲಿ ನಾನು ಒಂದು ಬೇರೆ ದಾರಿಯನ್ನು ಸೂಚಿಸುತ್ತೇನೆ, ಬಹಳ ಊರುಗಳಲ್ಲಿ ಕೈಹಿಡಿದಿರುವ ದಾರಿ ಅದು. ‘ಅಣ್ಣನ ಮನೆ’ ಎನ್ನುತ್ತೀರಲ್ಲ, ಆ ಜಾಗ ಯಾರ ಹೆಸರಿನಲ್ಲಿದೆ ಎಂದು ನೋಡಿದ್ದೀರಾ? ಅಪ್ಪ ತೀರಿಕೊಂಡು ಎಷ್ಟೋ ವರ್ಷವಾದರೂ ಪೌತಿ ಖಾತೆಯಾಗದೆ ಅವರ ಹೆಸರಿನಲ್ಲೇ ಉಳಿದಿರುವ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಕುಟುಂಬಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವುದಾದರೆ, ಅಪ್ಪ ಉಯಿಲು ಬರೆಯದೆ ಹೋಗಿದ್ದರೆ, ಆ ಮನೆಯಲ್ಲಿ ಮಗಳಿಗೂ ಪಾಲಿದೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಬಂದಿತು. ಗಂಡುಮಕ್ಕಳು ಒಪ್ಪುವವರೆಗೆ ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂಬ ಹಳೆಯ ಕಲಂ 2005ರ ಕೇಂದ್ರದ ತಿದ್ದುಪಡಿಯಲ್ಲಿ ಹೋಯಿತು. ತವರಿನಲ್ಲಿ ಅವರು ಉಳಿದಿರುವುದು ಬರಿಯ ಕರುಣೆಯ ಮೇಲೆ ಎಂದು ಎಲ್ಲರೂ ತಿಳಿದಿರಬಹುದು, ಅವರೂ ಹಾಗೆಯೇ ತಿಳಿದಿರಬಹುದು. ಹಿಂದೆ ಎಂದಾದರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದಾರೆಯೇ ಎಂಬುದನ್ನು ಮಾತ್ರ ಮೊದಲೇ ಕೇಳಿ ತಿಳಿದುಕೊಳ್ಳಿ.

ಇಷ್ಟು ಹೇಳಿದ್ದು ದಾವೆ ಹೂಡಲಿ ಎಂದಲ್ಲ. ಅಣ್ಣನ ಮೇಲೆ ದಾವೆ ಹಾಕಿದ ದಿನ ಆ ಪಡಸಾಲೆಯೂ ಇರುವುದಿಲ್ಲ, ಕೇಸು ಮುಗಿಯುವ ಹೊತ್ತಿಗೆ ಮಕ್ಕಳು ದೊಡ್ಡವರಾಗಿರುತ್ತಾರೆ. ಹಕ್ಕು ಇದೆ ಎಂಬ ತಿಳಿವಳಿಕೆಯೊಂದಿಗೆ ಮಾತಿಗೆ ಕುಳಿತರೆ ಮಾತಿನ ದನಿಯೇ ಬೇರೆ. ಹಿತ್ತಿಲಿನಲ್ಲಿ ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಒಂದು ತುಂಡು ಜಾಗ ಕೇಳಿ. ಹಿರಿಯರ ಸಮ್ಮುಖದಲ್ಲಿ ಆಗುವ ತೀರ್ಮಾನಕ್ಕೆ ನಮ್ಮ ಸೀಮೆಯಲ್ಲಿ ಇನ್ನೂ ಬೆಲೆಯಿದೆ. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಜನ ಪಾಲುಪಾರಿಕತ್ತಿನ ವ್ಯಾಜ್ಯಗಳನ್ನು ಇಂದಿಗೂ ಕೊಂಡೊಯ್ಯುವುದು ಅದಕ್ಕೇ. ಬೇಕಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ರಾಜಿಗೆ ಕೂರಿಸಬಹುದು, ಮಹಿಳೆಯರಿಗೆ ಅಲ್ಲಿ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ, ಸಹಾಯವಾಣಿ 15100. ಒಂದೇ ಒಂದು ಎಚ್ಚರಿಕೆ. ಬಾಯಿಮಾತಿನ ಜಾಗ, ಬಿಳಿ ಹಾಳೆಯ ಮೇಲಿನ ಜಾಗ ಜಾಗವಲ್ಲ. ಉಪನೋಂದಣಿ ಕಚೇರಿಯಲ್ಲಿ ವಿಭಾಗ ಪತ್ರವೋ ದಾನಪತ್ರವೋ ನೋಂದಣಿಯಾಗಿ, ಪಂಚಾಯಿತಿಯಲ್ಲಿ ಇ-ಸ್ವತ್ತು ಎಂಬ ಗಣಕೀಕೃತ ಆಸ್ತಿ ಖಾತೆ ಅವರ ಹೆಸರಿಗೆ ಬರಬೇಕು. ಅಲ್ಲಿಗೆ ಅವರು ನಿವೇಶನರಹಿತರ ಪಟ್ಟಿಯಿಂದ ವಸತಿರಹಿತರ ಪಟ್ಟಿಗೆ ಬರುತ್ತಾರೆ, ಮನೆ ಮಂಜೂರಾಗುವ ಸಾಧ್ಯತೆ ಹತ್ತಿರವಾಗುತ್ತದೆ.

ಮಂಜೂರಾದ ಮೇಲೆ ಕಷ್ಟ ತೀರಿತು ಎಂದುಕೊಳ್ಳಬೇಡಿ. 2016ರಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ ನಿಗದಿಯಾದ ನೆರವು 1.20 ಲಕ್ಷ ರೂಪಾಯಿ. ಅಷ್ಟರಲ್ಲಿ ಮನೆ ಮುಗಿಯುವುದಿಲ್ಲ. ಅದೂ ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಹಂತವಾಗಿ, ಫೋಟೊ ಏರಿದ ಮೇಲೆ ಬರುತ್ತದೆ. ರಾಜ್ಯದ ಬಸವ ವಸತಿ, ಅಂಬೇಡ್ಕರ್ ನಿವಾಸ ಯೋಜನೆಗಳದೂ ಇದೇ ರೀತಿ. ಕೈಯಲ್ಲಿ ಬಿಡಿಗಾಸಿಲ್ಲದ ಹೆಣ್ಣುಮಗಳು ತಳಪಾಯಕ್ಕೆ ಎಲ್ಲಿಂದ ತರಬೇಕು? ಮಂಜೂರಾತಿ ಬಂದೂ ತಳಪಾಯ ಹಾಕಲಾಗದೆ ರದ್ದಾದ ಮನೆಗಳನ್ನು ಕಂಡಾಗ ನನಗೆ ಆಗುವ ಸಂಕಟ ಅಷ್ಟಿಷ್ಟಲ್ಲ. ಸಂಘ ನಿಜವಾಗಿ ಬೇಕಾಗುವುದು ಇಲ್ಲಿ. ಉಳಿತಾಯದ ಹಣದಿಂದ ತಳಪಾಯದ ಮಟ್ಟಿಗೆ ಸಾಲ ಕೊಟ್ಟು, ಕಂತು ಬಂದಾಗ ಹಿಂಪಡೆಯಿರಿ. ಸ್ವಸಹಾಯ ಸಂಘಗಳೆಲ್ಲ ಸೇರಿದ ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟದಲ್ಲಿ ದುರ್ಬಲ ಕುಟುಂಬಗಳಿಗೆಂದೇ ಒಂದು ನಿಧಿ ಇರುತ್ತದೆ, ಅದನ್ನೂ ಕೇಳಿ. ಕಲ್ಲು, ಮಣ್ಣು ಹೊರುವ ಆಳಿನ ಲೆಕ್ಕವನ್ನು ಮುಯ್ಯಾಳಿನಲ್ಲಿ, ಅಂದರೆ ಕೂಲಿಯಿಲ್ಲದೆ ಒಬ್ಬರಿಗೊಬ್ಬರು ದುಡಿದು, ತೀರಿಸಿಕೊಳ್ಳಬಹುದು. ಹೊಲದಲ್ಲಿ ಮಾಡುವುದನ್ನು ಮನೆಗೂ ಮಾಡಿದರಾಯಿತು.

ಇದೆಲ್ಲ ಆಗಲು ಒಂದೆರಡು ವರ್ಷವಾದರೂ ಬೇಕು. ಅಲ್ಲಿಯವರೆಗೆ? ನಿಮ್ಮ ಊರಿನಲ್ಲಿ ಬೀಗ ಹಾಕಿದ ಮನೆಗಳು ಎಷ್ಟಿವೆ, ಎಣಿಸಿ. ಬೆಂಗಳೂರಿಗೆ ಹೋದವರು ಜಾತ್ರೆಗೆ, ಹಬ್ಬಕ್ಕೆ ಮಾತ್ರ ತೆರೆಯುವ ಮನೆಗಳು ಪ್ರತಿ ಓಣಿಯಲ್ಲೂ ಇವೆ. ಬಾಗಿಲು ತೆರೆಯದ ಮನೆ ಬೇಗ ಹಾಳಾಗುತ್ತದೆ ಎಂಬುದು ಅವರಿಗೂ ಗೊತ್ತು, ಆದರೆ ಕೊಟ್ಟರೆ ಬಿಡುವುದಿಲ್ಲವೆಂಬ ಭಯ. ಆ ಭಯವನ್ನು ಸಂಘ ತೆಗೆಯಬಹುದು. ಹನ್ನೊಂದು ತಿಂಗಳ ಬಾಡಿಗೆ ಕರಾರು, ಸಣ್ಣದಾದರೂ ಒಂದು ಬಾಡಿಗೆ, ಜಾಮೀನು ಸಂಘದ್ದು. ಪುಕ್ಕಟೆ ಬೇಡ. ಬಾಡಿಗೆ ಕೊಟ್ಟವರಿಗೆ ಹಂಗಿಲ್ಲ, ಕರಾರಿನಲ್ಲಿ ಹೆಸರಿದ್ದರೆ ವಿಳಾಸಕ್ಕೆ ಒಂದು ಆಧಾರ ಸಿಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಅವರದೇ ಒಲೆ ಹೊತ್ತುತ್ತದೆ. ಮೇಲೆ ಹೇಳಿದ ಗಂಟು ಬಿಚ್ಚುವುದು ಅಲ್ಲಿಂದ.

ಗಂಡನ ಕಡೆಯ ದಾರಿಯೂ ಮುಚ್ಚಿಲ್ಲ. ಹೊಡೆತ, ಬೈಗುಳ, ಹೊರದಬ್ಬುವುದು ನಡೆದಿದ್ದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಅವರಿಗೆ ಗಂಡನ ಮನೆಯಲ್ಲಿ ವಾಸದ ಹಕ್ಕಿದೆ, ಅದು ಮಾವನ ಹೆಸರಿನ ಮನೆಯಾದರೂ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಲ್ಲಿಗೆ ಮರಳುವುದು ಬೇಡವೆಂದರೆ, ಬೇರೆ ಮನೆಯ ಬಾಡಿಗೆಯನ್ನು ಗಂಡನೇ ಕೊಡುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ಇದರ ಸಂರಕ್ಷಣಾಧಿಕಾರಿ. ಜೀವಕ್ಕೆ ಅಪಾಯವಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ನೊಂದ ಮಹಿಳೆಯರಿಗೆಂದು ಜಿಲ್ಲಾ ಕೇಂದ್ರದಲ್ಲಿರುವ ಸಖಿ ಕೇಂದ್ರದಲ್ಲಿ ಕೆಲವು ದಿನ ಉಳಿಯುವ ಏರ್ಪಾಡು ಇರುತ್ತದೆ. ಅಪಾಯವಿಲ್ಲದಿದ್ದರೆ ಅವರನ್ನು ನಗರದ ಆಶ್ರಯ ಕೇಂದ್ರಕ್ಕೆ ಕಳಿಸಲು ಅವಸರ ಮಾಡಬೇಡಿ. ಕೂಲಿ, ಮಕ್ಕಳ ಶಾಲೆ, ಸಂಘದ ಸಾಲ, ಕಷ್ಟ ಹೇಳಿಕೊಳ್ಳುವ ಗೆಳತಿಯರು ಎಲ್ಲವೂ ಊರಿನಲ್ಲೇ ಇರುತ್ತವೆ.

ಪಾಳಿಯ ಮೇಲೆ ಊಟ ಮಾಡುವ ಹಿರಿಯರ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ನಿಮ್ಮ ಊರಿನಲ್ಲೂ ಅಂಥವರಿರುತ್ತಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಮಕ್ಕಳಿಂದ ಜೀವನಾಂಶ ಕೋರಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರ, ಆ ಷರತ್ತು ಮುರಿದರೆ ಅದನ್ನು ರದ್ದು ಮಾಡಿಸಬಹುದು. ಹಾಗಾಗಿ ಬರೆದುಕೊಡುವ ಮುನ್ನವೇ ಷರತ್ತನ್ನು ಪತ್ರದಲ್ಲಿ ಕಾಣಿಸಬೇಕು. ಹಿರಿಯರ ಸಹಾಯವಾಣಿ 14567.

ಕೊನೆಗೆ ಹುಡುಗಿಯ ವಿಷಯ. ನಿಮ್ಮ ಮನಸ್ಸು ದೊಡ್ಡದು. ಆದರೂ ಅವಳನ್ನು ಈಗಲೇ ಕರೆದುಕೊಳ್ಳಬೇಡಿ ಎಂದು ನನಗನಿಸುತ್ತದೆ. ಮೂವರ ಕುಟುಂಬ ಬೇರೆಯೆಂದು ಊರಿಗೂ ಪಂಚಾಯಿತಿಗೂ ತೋರಿಸಬೇಕಾದ ಹೊತ್ತಿನಲ್ಲಿ ಆ ಮೂವರನ್ನು ಎರಡು ಮನೆ ಮಾಡುವುದು ಬೇಡ. ತಾಯಿಗೂ ಮಗಳೊಬ್ಬಳೇ ರಾತ್ರಿಯ ಧೈರ್ಯವಾಗಿರಬಹುದು. ಅವಳಿಗೆ ಸದ್ಯಕ್ಕೆ ಬೇಕಾದದ್ದು ಸಂಜೆ ಆರರಿಂದ ಒಂಬತ್ತರವರೆಗೆ ಯಾರೂ ಏಳು ಎನ್ನದ ಒಂದು ಜಾಗ, ಒಂದು ದೀಪ, ಪುಸ್ತಕ ಇಡಲು ಒಂದು ಗೂಡು. ಅದನ್ನು ನಿಮ್ಮ ಮನೆಯಲ್ಲಿ ಕೊಡಿ. ಅಡಿಕೆ ಕೊಯ್ಲಿಗೆ ತಾಯಿ ಹೊರಡುವ ತಿಂಗಳುಗಳಲ್ಲಿ ಮಾತ್ರ ಮಕ್ಕಳಿಬ್ಬರೂ ನಿಮ್ಮಲ್ಲೇ ಉಳಿಯಲಿ, ಚಿಕ್ಕವನ ಶಾಲೆ ತಪ್ಪುವುದಿಲ್ಲ. ಅಷ್ಟರ ಮೇಲೂ ಮನೆಯ ವ್ಯವಸ್ಥೆ ಆಗದಿದ್ದರೆ ಜೂನ್‌ನಲ್ಲಿ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿಸಿ. ಅವಳ ಪುಸ್ತಕದ ಗೂಡಿಗೆ ಒಂದು ಬೀಗ ಹಾಕಿ, ಬೀಗದ ಕೈಯನ್ನು ಅವಳಿಗೇ ಕೊಡಿ.